ಪಡುವಣದ ರಿಂಗು, ಮೂಡಣದ ರಿಂಗು

ಬಾಸ್ಕೆಟ್‌ಬಾಲ್ ಅಂಕಣದ ಎರಡು ತುದಿಯ ರಿಂಗುಗಳಿಗೂ ಊರಿನ ತಂಡವೆಂದರೆ ಪ್ರಾಣ. ಫೈನಲ್ಲಿನ ಮೊದಲರ್ಧದಲ್ಲಿ ನಾಯಕ ಧನಪಾಲ ಪಡುವಣದ ರಿಂಗಿಗೆ ಚೆಂಡಿನ ಮೇಲೆ ಚೆಂಡು ಹಾಕಿದ. ಮೂಡಣದ ರಿಂಗನ್ನು ಕಾಯಲು ಮಾತ್ರ ಒಮ್ಮೆಯೂ ಓಡಿಬರಲಿಲ್ಲ. ಎದುರಾಳಿಗಳು ಅಲ್ಲಿ ಸಲೀಸಾಗಿ ಅಂಕ ಗಳಿಸಿದರು.

“ಅಣ್ಣಾ, ನಿಮ್ಮ ನಾಯಕ ಸೋಮಾರಿ. ನಾನು ಅವನ ಬೆನ್ನನ್ನಷ್ಟೇ ಕಂಡಿದ್ದೇನೆ. ಹೀಗಾದರೆ ಸೋಲುತ್ತೇವೆ,” ಎಂದು ಮೂಡಣದ್ದು ಕಳವಳಪಟ್ಟಿತು.

“ಬಾಯಿ ಮುಚ್ಚೋ! ಅವನಂಥ ಆಟಗಾರ ಇನ್ನು ಹುಟ್ಟಿಬರಬೇಕು,” ಎಂದಿತು ಪಡುವಣದ್ದು.

ವಿರಾಮದ ನಂತರ ನಿಯಮದಂತೆ ತಂಡಗಳು ತುದಿ ಬದಲಿಸಿದವು. ಈಗ ಧನಪಾಲನ ಚೆಂಡುಗಳೆಲ್ಲ ಮೂಡಣದ ರಿಂಗಿಗೇ ಬಿದ್ದವು. ಒಂದೊಂದಕ್ಕೂ ಅದು ಅದುರಿ ನಲಿಯಿತು.

ಕೊನೆಯ ಗಳಿಗೆ, ಊರಿನ ತಂಡಕ್ಕೆ ಒಂದೇ ಅಂಕದ ಮುನ್ನಡೆ. ಎದುರಾಳಿಗಳು ಚೆಂಡು ಕಸಿದು ಪಡುವಣಕ್ಕೆ ಓಡಿದರು. ಧನಪಾಲ ಸೊಂಟಕ್ಕೆ ಕೈಕೊಟ್ಟು ಮೂಡಣದಲ್ಲೇ ನಿಂತಿದ್ದ.

“ತಮ್ಮಾ, ನಿನ್ನ ಕೆಳಗೇ ಇದ್ದಾನಲ್ಲೋ, ಓಡು ಅನ್ನೋ ಅವನಿಗೆ!” ಎಂದು ಪಡುವಣದ್ದು ಕೂಗಿತು.

ಹೇಳಬೇಕೆಂದು ಮೂಡಣದ್ದಕ್ಕೂ ಗೊತ್ತಿತ್ತು. ಆದರೆ ಅವನು ಅತ್ತ ಹೋದರೆ ತನಗೆ ಚೆಂಡು ಹಾಕುವವರು ಯಾರು?

“ದಣಿದಿದ್ದಾನೆ, ಸ್ವಲ್ಪ ಸುಧಾರಿಸಿಕೊಳ್ಳಲಿ ಬಿಡಿ ಅಣ್ಣಾ,” ಎಂದಿತು.

ಆ ಮಾತು ಮುಗಿಯುವ ಮೊದಲೇ ಪಡುವಣದ ಬಲೆಯೊಳಗೆ ಚೆಂಡು ಬಿದ್ದು, ಪಂದ್ಯ ಮುಗಿದ ಸೀಟಿ ಕೇಳಿಸಿತು.