ಎಲ್ಲರೂ ವೈದ್ಯರಾದ ಆಟ

ಮರದ ಗೊಂಬೆ ಕಡೆಯುವವರ ಒಂದು ಬೀದಿ. ಆ ಬೀದಿಯಲ್ಲಿ ಹೊನ್ನಾಜಮ್ಮ ಅಂತ ಒಬ್ಬಳು. ಅವಳಿಗೆ ಗುರುಮಲ್ಲ ಅಂತ ಒಬ್ಬ ಮಗ. ಕೈ ಚುರುಕು, ತಲೆ ಮಂದ.

ಗಂಡ ಇದ್ದಾಗ ಸಂಜೆಯಾದರೆ ಜಗಲಿ ತುಂಬ ಮಕ್ಕಳು. ಅವನೇ ಕಡೆದ ಮೂರು ಗೊಂಬೆ: ಜಟ್ಟಿ, ಕಳ್ಳ, ವೈದ್ಯ. ಒಬ್ಬೊಬ್ಬರಿಗೆ ಹತ್ತು ಹುಣಸೆ ಬೀಜ, ಅದೇ ಪ್ರಾಣ. ಕವಡೆ ಬಿದ್ದ ಹಾಗೆ ಜಟ್ಟಿ ಹೊಡೆದು ಬೀಜ ಕೀಳುತ್ತಾನೆ, ಕಳ್ಳ ಕದಿಯುತ್ತಾನೆ, ವೈದ್ಯ ನಡುವೆ ಇಟ್ಟ ತೆಂಗಿನ ಚಿಪ್ಪಿನಿಂದ ಬೀಜ ಕೊಟ್ಟು ಬದುಕಿಸುತ್ತಾನೆ. ಯಾರಿಗೆಷ್ಟು ಬಲ ಅಂತ ಅವನು ಬರೆದಿಡಲಿಲ್ಲ. ಮಕ್ಕಳ ಮುಖ ನೋಡಿ ದಿನವೂ ಒಂಚೂರು ತಿದ್ದುತ್ತಿದ್ದ. ಅವನು ಹೋದ, ಆ ಹದವೂ ಹೋಯಿತು. ಈಗ ಎಲ್ಲರಿಗೂ ಜಟ್ಟಿಯೇ ಬೇಕು. ದಿನವೂ ಜಗಳ. ಮಕ್ಕಳು ಬರುವುದು ನಿಂತರೆ ಸಂಜೆ ಕಳೆಯುವುದು ಹೇಗೆ ಅಂತ ಹೊನ್ನಾಜಮ್ಮನಿಗೆ ದಿಗಿಲು.

"ಮಗಾ, ಜಟ್ಟಿ ಬಲ ಕಮ್ಮಿ ಮಾಡೋ."

"ಹೂಂ ಅವ್ವ." ಗುರುಮಲ್ಲ ಗರಗಸ ತಂದು ಜಟ್ಟಿಯ ತೋಳು ಕೊಯ್ದ.

"ಅಯ್ಯೋ ಪೆದ್ದ, ಗೊಂಬೆ ಕೊಯ್ಯೋದಲ್ಲ. ಮೂರು ಬೀಜ ಕೀಳೋನು ಒಂದು ಕೀಳಲಿ. ಯಾವ ಗೊಂಬೆಗೆ ಜಗಳ ಬರುತ್ತೋ ಅದರದ್ದು ಕಮ್ಮಿ ಮಾಡು."

"ಹೂಂ ಅವ್ವ."

ಮಾರನೆಯ ದಿನ, "ವೈದ್ಯ ನನಗೆ ಬೇಡ, ನಿನಗೇ ಇರಲಿ" ಅಂತ ಮಕ್ಕಳ ಜಗಳ. ಗುರುಮಲ್ಲ ವೈದ್ಯನದ್ದು ಕಮ್ಮಿ ಮಾಡಿದ. ಒಂದು ಬೀಜ ಕೊಡುತ್ತಿದ್ದವನು ಈಗ ಏನೂ ಕೊಡುವಂತಿಲ್ಲ. ವೈದ್ಯನನ್ನು ಹಿಡಿದ ರತ್ನಿ ಗೊಳೋ ಅಂದಳು.

"ಅಳೋ ಮಗೂಗೆ ಜಾಸ್ತಿ ಕೊಡಬೇಕು ಕಣೋ, ಕಿತ್ಕೊಳ್ಳೋದಲ್ಲ."

"ಹೂಂ ಅವ್ವ."

ಅದರ ಮಾರನೆಯ ದಿನ ಕಳ್ಳನನ್ನು ಹಿಡಿದ ಸೋಮನಿಗೆ ಕೆಂಜಿಗ ಕಚ್ಚಿತು. ಗೆಲ್ಲುತ್ತಿದ್ದವನು ಅತ್ತ. ಗುರುಮಲ್ಲ ಓಡಿ ಬಂದು ಕಳ್ಳನಿಗೆ ಜಾಸ್ತಿ ಕೊಟ್ಟ: ಒಂದೇ ಸಲಕ್ಕೆ ಎಲ್ಲರ ಬೀಜವೂ ಅವನಿಗೇ. ಒಂದು ಕವಡೆಗೆ ಆಟ ಮುಗಿಯಿತು.

"ನಾಳೆಯಿಂದ ಕೆರೆ ಬೀದಿಗೆ ಹೋಗ್ತೀವಿ ಅಜ್ಜಿ," ಅಂದಳು ರತ್ನಿ.

"ನಾಳೆ ಒಂದು ದಿನ ಬಾ ತಾಯಿ," ಅಂದು ಹೊನ್ನಾಜಮ್ಮ ಮಗನ ಕಡೆ ತಿರುಗಿದಳು. "ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಮ್ಮಿ ಇಲ್ಲ ಅನ್ನೋ ಹಂಗೆ ಮಾಡೋ. ಇದೇ ಕೊನೆ."

"ಹೂಂ ಅವ್ವ."

ಮಾರನೆಯ ಸಂಜೆ ಜಗಲಿಯ ಮೇಲೆ ಮೂರು ಹೊಸ ಗೊಂಬೆ. ಮೂರೂ ವೈದ್ಯರು.

"ಹೊಡೆಯೋರು ಯಾರು ಗುರಣ್ಣ?" ಅಂದ ಸೋಮ.

"ಯಾರೂ ಇಲ್ಲ."

"ಸೋಲೋರು?"

"ಹೊಡೆಯೋರೇ ಇಲ್ಲ, ಸೋಲೋದು ಹೆಂಗೆ? ಕವಡೆ ಹಾಕು."

ಒಳಗೆ ಹೊನ್ನಾಜಮ್ಮ ಹಣೆ ಚಚ್ಚಿಕೊಂಡಳು. ಆದರೆ ದೀಪ ಹಚ್ಚುವ ಹೊತ್ತಾದರೂ ಮಕ್ಕಳು ಏಳಲಿಲ್ಲ. ರತ್ನಿ ಸೋಮನಿಗೆ ಕೊಡುತ್ತಾಳೆ, ಸೋಮ ರತ್ನಿಗೆ ಕೊಡುತ್ತಾನೆ. ಯಾರೂ ಸಾಯರು, ಯಾರೂ ಗೆಲ್ಲರು. ಚಿಪ್ಪು ಬರಿದಾಯಿತು. ಮನೆ ಮನೆಗೆ ಓಡಿ ಬೀಜ ತಂದರು, ಅದೂ ಮುಗಿಯಿತು. ಕರೆಯಲು ಬಂದ ತಾಯಂದಿರಿಗೆ, "ಇರವ್ವ, ಆಟ ಮುಗೀಲಿ" ಅನ್ನುವ ಉತ್ತರ.

ಗುರುಮಲ್ಲ ಒಳಗೆ ಬಂದ. "ಅವ್ವ, ಬೀಜ ಸಾಲದು. ಯಾರದ್ದು ಕಮ್ಮಿ ಮಾಡ್ಲಿ?"

ಬುದ್ಧಿ ಹೇಳಲು ಬಾಯಿ ತೆರೆದ ಹೊನ್ನಾಜಮ್ಮ ಜಗಲಿಯ ಕಡೆ ನೋಡಿದಳು. ವರ್ಷಕ್ಕೆಂದು ತುಂಬಿಟ್ಟ ಹುಣಸೆ ಗಡಿಗೆ ಎಳೆದುಕೊಂಡು ಬೀಜ ಬಿಡಿಸತೊಡಗಿದಳು.

"ಯಾರದ್ದೂ ಬೇಡ ಕಣೋ. ಕೈ ಒಡ್ಡು."

ಗುರುಮಲ್ಲ ಕೈ ಒಡ್ಡಿದ. ಬೊಗಸೆ ತುಂಬಿತು, ತುಂಬಿ ನೆಲಕ್ಕೆ ಸುರಿಯಿತು. ಹೊರಗೆ ಮಕ್ಕಳು ಕೂಗುತ್ತಲೇ ಇದ್ದರು. ಅವನು ನಿಂತೇ ಇದ್ದ. ಹೋಗು ಅಂತ ಅವ್ವ ಹೇಳಿರಲಿಲ್ಲ.