ಘಟ್ಟದ ಗೇಟು

"ಗುರುಗಳೇ, ನಮ್ಮನ್ನು ಯಾರೂ ತಡೆಯದಿದ್ದರೆ ಅದೇ ಸ್ವಾತಂತ್ರ್ಯವಲ್ಲವೇ? ಮತ್ತೇಕೆ ಮಠದಲ್ಲಿ ಇಷ್ಟೊಂದು ಕಟ್ಟಳೆ?" ಎಂದು ಶಿಷ್ಯ ಮಡಿವಾಳಯ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಲಾರಿ ಚಾಲಕನಿದ್ದ. ಘಟ್ಟದ ದಾರಿಯಲ್ಲಿ ಮೇಲಿಂದ ಮೇಲೆ ಲಾರಿಗಳು ಉರುಳಿ ಜನ ಸಾಯುತ್ತಿದ್ದರು. ಸರ್ಕಾರ ಒಂದು ನಿಯಮ ಮಾಡಿತು. ಎಂಟು ಗಂಟೆ ಲಾರಿ ಓಡಿಸಿದವನು ಮಲಗಿ ಎದ್ದ ಮೇಲೆಯೇ ಘಟ್ಟ ಇಳಿಯಬೇಕು. ಘಟ್ಟದ ತಲೆಯಲ್ಲಿ ಗೇಟು ಹಾಕಿಸಿ ಕಾವಲುಗಾರನನ್ನು ಕೂರಿಸಿತು.

ಸರಕು ತಡವಾಗುತ್ತದೆಂದು ಲಾರಿ ಮಾಲೀಕರಿಗೆ ಮೈಯೆಲ್ಲ ಉರಿಯಿತು. ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಈ ಚಾಲಕನ ಮಾಲೀಕ ಅವನಿಂದ ಒಂದು ಪ್ರಮಾಣಪತ್ರಕ್ಕೆ ರುಜು ಹಾಕಿಸಿಕೊಂಡ. 'ನನ್ನ ನಿದ್ದೆ ನನಗೆ ಗೊತ್ತು, ಈ ನಿಯಮ ಬೇಡ' ಎಂದು ಅದರಲ್ಲಿತ್ತು. ಪಾಪ, ಹೆದರಿ ಹಾಕಿದ ಅನ್ನಬೇಡ. ಹೆಮ್ಮೆಯಿಂದಲೇ ಹಾಕಿದ. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದವನಿಗೆ ಮಲಗುವುದನ್ನು ಸರ್ಕಾರ ಹೇಳಿಕೊಡಬೇಕೇ ಎಂದುಕೊಂಡ.

ಇಂಥ ನೂರಾರು ಪತ್ರಗಳನ್ನು ನ್ಯಾಯಾಲಯ ಓದಿತು. ಯಾರಿಗಾಗಿ ಮಾಡಿದ ನಿಯಮವೋ ಅವರೇ ಬೇಡವೆನ್ನುವಾಗ ಅವರ ದುಡಿಮೆಗೆ ಅಡ್ಡ ಬರುವ ಅಧಿಕಾರ ಸರ್ಕಾರಕ್ಕಿಲ್ಲ ಎಂದು ತೀರ್ಪಾಯಿತು. ಮಾಲೀಕ ಪೇಡೆ ಹಂಚಿದ. ಚಾಲಕ ಎರಡು ತಿಂದ.

ಮರುತಿಂಗಳು ಒಂದು ಮಧ್ಯಾಹ್ನ ಅವನು ಘಟ್ಟದ ತಲೆಗೆ ಬಂದಾಗ ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ರಸ್ತೆ ಎರಡೆರಡಾಗಿ ಕಾಣುತ್ತಿತ್ತು. ದಾರಿಯಲ್ಲಿ ಮಲಗಿದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಮಾಲೀಕ ಹೇಳಿಯೇ ಕಳುಹಿಸಿದ್ದ. ಗೇಟಿನವನು ತಡೆದರೆ ಮಾತ್ರ ಚಾಲಕನ ಮೇಲೆ ತಪ್ಪು ಬರುತ್ತಿರಲಿಲ್ಲ. ಆದರೆ ಗೇಟಿನ ಕೋಲನ್ನು ಮೇಲಕ್ಕೆತ್ತಿ ಹಗ್ಗದಲ್ಲಿ ಬಿಗಿದಿದ್ದರು. ಕಾವಲುಗಾರ ಬರೀ ಲಾರಿ ನಂಬರು ಬರೆದುಕೊಳ್ಳುತ್ತಿದ್ದ.

ಚಾಲಕನಿಗೆ ಜೀವಭಯ ಹತ್ತಿತು. ಇಳಿದು ಹೋಗಿ ಕಾವಲುಗಾರನ ಕೈ ಹಿಡಿದುಕೊಂಡ. "ದಮ್ಮಯ್ಯ ಸ್ವಾಮಿ, ಇವತ್ತು ನನ್ನನ್ನ ತಡೀರಿ. ಗೇಟಲ್ಲಿ ಬಿಡಲಿಲ್ಲ ಅಂತ ಓನರ್‌ಗೆ ಹೇಳ್ಕೋತೀನಿ."

"ಹೆಂಗಪ್ಪ ತಡೀಲಿ? ಬೇಡ ಅಂತ ಕೋರ್ಟಿಗೆ ಬರ್ಕೊಟ್ಟೋರು ನೀವೇ. ಈಗ ತಡೆದ್ರೆ ನನ್ನ ಕೆಲ್ಸ ಹೋಗ್ತದೆ" ಎಂದ ಕಾವಲುಗಾರ.

ಚಾಲಕ ಮುಖಕ್ಕೆ ನೀರು ಎರಚಿಕೊಂಡು ಲಾರಿ ಹತ್ತಿದ. ಮೂರನೆಯ ತಿರುವಿನಲ್ಲಿ ಲಾರಿ ತಿರುಗಲಿಲ್ಲ. ಕಣಿವೆಯಿಂದ ಅವನ ಹೆಣ ಮೇಲೆತ್ತಲು ಎರಡು ದಿನ ಹಿಡಿಯಿತು.

ಮಡಿವಾಳಯ್ಯನಿಗೆ ಸಮಾಧಾನವಾಗಲಿಲ್ಲ. "ಅವನೇ ನಿಲ್ಲಿಸಿ ಮಲಗಬಹುದಿತ್ತಲ್ಲ ಗುರುಗಳೇ? ಅವನನ್ನು ಯಾರು ತಡೆದಿದ್ದರು?"

ಗುರುಗಳು ಹೇಳಿದರು: "ಅದೇ ಕಣಪ್ಪ, ಯಾರೂ ತಡೆಯಲಿಲ್ಲ."