ಮೂರು ಮೀಟರು ತಂದ ಅಡುಗೆಯವನು

"ಬುದ್ಧಿ, ಮನಸ್ಸಿನಿಂದ ಕೋಪ ಪೂರ್ತಿ ಹೋಗಿದೆ ಎಂದು ತಿಳಿಯುವುದು ಹೇಗೆ?"

ಗುರುಮಲ್ಲ ಇದನ್ನು ನಿಂತುಕೊಂಡೇ ಕೇಳಿದ. ಮಠ ಸೇರಿದ ಮೇಲೆ ಸ್ವಾಮಿಗಳ ಮುಂದೆ ಅವನು ಕೂರದೆ ಬಾಯಿ ತೆರೆದದ್ದು ಇದೇ ಮೊದಲು. ಇವತ್ತು ಕೂರಲು ಅವನಿಂದ ಆಗುತ್ತಿರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಅವನ ಅತ್ತಿಗೆಯ ತಮ್ಮ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಊರಿನಲ್ಲಿ ಅಣ್ಣ ಹಾಸಿಗೆ ಹಿಡಿದಿದ್ದ. ಗಂಜಿಯೂ ಒಳಗೆ ಇಳಿಯುತ್ತಿಲ್ಲ, ತಮ್ಮನನ್ನು ಕರೆಸಿ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ ಎಂದು ಬಂದವನು ಹೇಳಿದ್ದ.

ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿದ್ದವು. ಅಪ್ಪನ ಮಣ್ಣಿಗೆ ತಡವಾಗಿ ಬಂದೆ ಎಂದು ಅಣ್ಣ ಊರಿನವರ ಎದುರೇ ಇವನ ಕೆನ್ನೆಗೆ ಹೊಡೆದಿದ್ದ. ಅವತ್ತು ಬಸ್ಸು ಕೆಟ್ಟು ನಿಂತಿತ್ತು. ಅದನ್ನು ಹೇಳಲೂ ಅಣ್ಣ ಬಿಟ್ಟಿರಲಿಲ್ಲ. ಆಮೇಲೆ ಹೇಳಲು ಇವನಿಗೂ ಮನಸ್ಸಾಗಲಿಲ್ಲ.

"ಹೋಗಬೇಕು ಎಂದೇ ಇದೆ ಬುದ್ಧಿ" ಎಂದ ಗುರುಮಲ್ಲ. "ಆದರೆ ಆ ಏಟು ನೆನಪಾದರೆ ಇವತ್ತಿಗೂ ಕೆನ್ನೆ ಬಿಸಿಯಾಗುತ್ತದೆ. ಒಳಗೆ ಕೋಪ ಇಟ್ಟುಕೊಂಡು ಹೋಗಿ ಅವನ ಕೈ ಹಿಡಿದರೆ ಅದು ನಾಟಕವಾಗುವುದಿಲ್ಲವೇ? ಸಾಯುವವನ ಮುಂದೆ ನಾಟಕ ಆಡಲೇ? ಎಲ್ಲ ಹೋಗಿದೆ ಎಂದು ಖಾತ್ರಿಯಾದರೆ ಈಗಲೇ ಹೊರಡುತ್ತೇನೆ. ಅದಕ್ಕೊಂದು ಅಳತೆ ಹೇಳಿ."

ಸ್ವಾಮಿಗಳು ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಕೆಳಗಿಟ್ಟರು. "ಅಳತೆ ಬೇಕೋ ನಿನಗೆ? ಹಾಗಾದರೆ ಕೂತುಕೋ. ಅಳತೆಯ ಕತೆಯನ್ನೇ ಹೇಳುತ್ತೇನೆ."

ಕತೆ! ಹೊರಗೆ ಬೈಕು ಕಾಯುತ್ತಿರುವಾಗ ಕತೆ! ಗುರುಮಲ್ಲ ಬಾಗಿಲ ಕಡೆ ತಿರುಗಿ ನೋಡಿದ. ಆದರೆ ಕೇಳಿದವನು ತಾನೇ. ಎದ್ದು ಹೋಗಲು ಸುಲಭವಾಗಲಿ ಎಂದು ತುದಿಗಾಲಲ್ಲೇ ಕುಕ್ಕರುಗಾಲು ಹಾಕಿದ. ಸ್ವಾಮಿಗಳು ಹೇಳತೊಡಗಿದರು.

ಒಬ್ಬ ಅಡುಗೆಯವನಿದ್ದ. ಕೈಗುಣ ಒಳ್ಳೆಯದು, ಸಮಾಧಾನ ಮಾತ್ರ ಇಲ್ಲ. ಉಪ್ಪು ಸರಿಯಾಯಿತೇ, ಉರಿ ಸರಿಯಾಯಿತೇ, ಇಪ್ಪತ್ನಾಲ್ಕು ಗಂಟೆಯೂ ಇದೇ ಗುಂಗು. ಅವನನ್ನು ಸಾಕಿ ಬೆಳೆಸಿದವಳು ದೊಡ್ಡಮ್ಮ. ಒಲೆಯ ಮುಂದೆ ಕೂರಿಸಿಕೊಂಡು ಅಡುಗೆ ಕಲಿಸಿದವಳೂ ಅವಳೇ. ಒಂದು ಕಾರ್ತಿಕ ಸೋಮವಾರ ಬೆಳಿಗ್ಗೆ ಆ ಮುದುಕಿ ಅವನ ಮನೆಗೆ ಬಂದಳು. ಅವಳದು ಒಪ್ಪತ್ತು, ದಿನಕ್ಕೆ ಒಂದೇ ಊಟ. "ಇವತ್ತಿನ ಆ ಒಂದು ಊಟ ನಿನ್ನ ಕೈಯಿಂದ ಆಗ್ಲಿ ಅಂತ ಬಂದೆ ಮಗಾ" ಎಂದಳು.

ಅಡುಗೆಯವನು ಹಿಗ್ಗಿಹೋದ. ಹಾಗಲಕಾಯಿ ಪಲ್ಯವೆಂದರೆ ದೊಡ್ಡಮ್ಮನಿಗೆ ಪಂಚಪ್ರಾಣ. ಎಳೆಯ ಕಾಯಿ ತಂದ. ವೀಳ್ಯದೆಲೆಯಷ್ಟು ತೆಳ್ಳಗೆ ಹೆಚ್ಚಿ ಗರಿಗರಿಯಾಗಿ ಮಾಡಿ ಬಡಿಸಬೇಕು ಎಂದುಕೊಂಡ. ಅದಕ್ಕೆ ಚಾಕು ಹರಿತವಾಗಿರಬೇಡವೇ? ಮಸೆಯಲು ಹಿತ್ತಿಲಿಗೆ ಹೋದ.

ಚಾಕು ಮಸೆಯುವುದು ಎಷ್ಟು ಹೊತ್ತಿನ ಕೆಲಸ, ನೀನೇ ಹೇಳು. ಆದರೆ ಈ ಪುಣ್ಯಾತ್ಮನ ತಲೆಯಲ್ಲಿ ಯಾರೋ ತುಂಬಿದ್ದರು: ಅಲಗು ಕಲ್ಲಿನ ಮೇಲೆ ಸರಿಯಾಗಿ ಹದಿನೈದು ಡಿಗ್ರಿ ಓರೆ ಕೂರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಅದನ್ನು ತೋರಿಸುವ ಡಿಜಿಟಲ್ ಮೀಟರನ್ನೂ ಕೊಂಡಿಟ್ಟಿದ್ದ. ಬೆಂಕಿಪೊಟ್ಟಣದಷ್ಟು ಇರುತ್ತದೆ. ಅಯಸ್ಕಾಂತದಿಂದ ಅಲಗಿಗೆ ಅಂಟಿಕೊಂಡು ಎಷ್ಟು ಓರೆಯಿದೆ ಎಂದು ಅಂಕಿ ತೋರಿಸುತ್ತದೆ. ಅಂಟಿಸಿದ. ಹದಿನೇಳು ಎಂದಿತು. ಕೈ ತಗ್ಗಿಸಿದ, ಹದಿಮೂರು. ಎತ್ತಿದ, ಮತ್ತೆ ಹದಿನೇಳು.

"ಈ ಮೀಟರೇ ಸರಿಯಿಲ್ಲ" ಎಂದು ಪೇಟೆಗೆ ಓಡಿ ಇನ್ನೊಂದು ತಂದ. ಅದು ತನ್ನದೇ ಬೇರೆ ಅಂಕಿ ಹೇಳಿತು. ಎರಡರಲ್ಲಿ ಸುಳ್ಳು ಹೇಳುತ್ತಿರುವುದು ಯಾವುದು? ಪಂಚಾಯಿತಿ ಮಾಡಲು ಮೂರನೆಯದು ಬೇಡವೇ? ಮತ್ತೆ ಪೇಟೆಗೆ ಓಡಿದ. ಅಂಗಡಿಯವನಿಗೆ ನಗು ಬಂತು. "ಅಣ್ಣಾ, ಮೊದಲು ಕಲ್ಲಿನ ಮೇಲಿಟ್ಟು ಸೊನ್ನೆ ಮಾಡ್ಕೊಳ್ಳಿ. ಕಲ್ಲೇ ಓರೆಯಾಗಿ ಕೂತಿದ್ರೆ ಅದು ತಾನೇ ಏನು ಮಾಡ್ತದೆ?" ಎಂದು ಮೂರನೆಯದನ್ನೂ ಕಟ್ಟಿಕೊಟ್ಟ.

ಅಡುಗೆಯವನು ಏದುಸಿರು ಬಿಡುತ್ತ ಬಂದು ಕಲ್ಲಿನ ಮೇಲಿಟ್ಟು ಸೊನ್ನೆ ಮಾಡಿದ. ಆ ಸಾಣೆಕಲ್ಲೋ, ದೊಡ್ಡಮ್ಮನೇ ಕೊಟ್ಟಿದ್ದ ಹಳೆಯ ಕಲ್ಲು, ನಡುವೆ ಸವೆದು ತಗ್ಗಾಗಿತ್ತು. ತುದಿಯಲ್ಲಿ ಸೊನ್ನೆ ತೋರಿಸಿದ್ದು ನಡುವಿಗೆ ಬಂದರೆ ಸೊನ್ನೆಯಲ್ಲ. ಸರಿ, ಇನ್ನೇನು? ಚಾಕು ಬದಿಗಿಟ್ಟು ಕಲ್ಲನ್ನೇ ಸಿಮೆಂಟಿನ ನೆಲಕ್ಕೆ ಉಜ್ಜಿ ಮಟ್ಟ ಮಾಡಲು ಕೂತ.

ದೊಡ್ಡಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಬೆಳಗಿನಿಂದ ನೀರು ಬಿಟ್ಟು ಬೇರೇನೂ ಮುಟ್ಟದ ಜೀವ. "ಇರೋ ಚಾಕೂಲೇ ಹೆಚ್ಚೋ ಮಗಾ. ದಪ್ಪ ಆದ್ರೇನು, ಬೇಯೋದು ಬೇಯ್ತದೆ" ಎಂದಳು.

"ನಿನಗೆ ಒರಟೊರಟಾಗಿ ಹೆಚ್ಚಿ ಹಾಕ್ಲಾ ದೊಡ್ಡಮ್ಮ? ನನ್ನ ಮನಸ್ಸು ಒಪ್ಪಬೇಡ್ವಾ? ಇನ್ನೊಂದು ಗಳಿಗೆ, ಆಗೇಹೋಯ್ತು" ಎಂದ ಅವನು.

"ಆಗ್ಲಿ ಕಣಪ್ಪಾ" ಎಂದು ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಗೋಡೆ ಹಿಡಿದದ್ದನ್ನು ಅವನು ನೋಡಲಿಲ್ಲ. ಅವನ ಕಣ್ಣು ಕಲ್ಲಿನ ಮೇಲಿತ್ತು.

ಇಷ್ಟು ಹೇಳುವಾಗ ಹೊರಗೆ ಬೈಕಿನ ಹಾರನ್ನು ಕೂಗಿತು. ಗುರುಮಲ್ಲ ಅರ್ಧ ಎದ್ದ.

"ಅವನು ಕರೆಯುತ್ತಿದ್ದಾನೆ ಬುದ್ಧಿ."

"ಕರೆಯಲಿ ಬಿಡು" ಎಂದರು ಸ್ವಾಮಿಗಳು. "ನಿನಗೆ ಅಳತೆ ಇನ್ನೂ ಸಿಕ್ಕಿಲ್ಲವಲ್ಲ."

ಅದೂ ನಿಜವೇ. ಗುರುಮಲ್ಲ ಕೂತ. ಈ ಸಲ ಪೂರ್ತಿ ಕೂತ. ಸ್ವಾಮಿಗಳ ದನಿಯಲ್ಲಿ ಅಡುಗೆಯವನ ಬಗ್ಗೆ ಕುಚೋದ್ಯ ಇದ್ದದ್ದು ಅವನಿಗೆ ಹಿಡಿಸಲಿಲ್ಲ. ಪಾಪ, ಅವನೇನು ಸೋಮಾರಿಯೇ? ಪ್ರೀತಿ ಇದ್ದದ್ದಕ್ಕೇ ಅಲ್ಲವೇ ಇಷ್ಟು ಒದ್ದಾಡಿದ್ದು? ಬೇಕಾಬಿಟ್ಟಿ ಮಾಡಿ ಹಾಕುವವನಿಗೆ ಮೀಟರು ಯಾಕೆ ಬೇಕು? ಅಲ್ಲದೆ ಕಲ್ಲು ಮಟ್ಟವಾದ ಮೇಲೆ ಅಂಕಿ ಸರಿಬರಲೇಬೇಕು ಎಂದೂ ಅವನಿಗೆ ಅನ್ನಿಸಿತು. ಬರುತ್ತದೋ ಇಲ್ಲವೋ ಎಂದು ಮುಂದಕ್ಕೆ ಬಾಗಿದ.

ಕಲ್ಲು ಮಟ್ಟವಾಯಿತು, ಎಂದು ಸ್ವಾಮಿಗಳು ಮುಂದುವರಿಸಿದರು. ಹಿತ್ತಿಲಿನ ಬಿಸಿಲು ಗೋಡೆ ಹತ್ತಿ ಆಚೆ ಹೋಗಿತ್ತು. ಅಡುಗೆಯವನು ಹೊಸದಾಗಿ ಸೊನ್ನೆ ಮಾಡಿಕೊಂಡ. ಒಂದೊಂದೇ ಮೀಟರನ್ನು ಅಲಗಿಗೆ ಅಂಟಿಸಿ, ಉಸಿರು ಬಿಗಿಹಿಡಿದು ನೋಡಿದ. ಮೊದಲನೆಯದು ಹದಿನೈದು ಎಂದಿತು. ಎರಡನೆಯದೂ ಹದಿನೈದು. ಮೂರನೆಯದೂ ಹದಿನೈದು! ಅವನ ಕಣ್ಣಲ್ಲಿ ನೀರೇ ಬಂತು. ಅದೇ ಓರೆಯಲ್ಲಿ ಕೈ ಅಲುಗಿಸದೆ ಮಸೆದ. ಮಸೆದ ಚಾಕುವನ್ನು ತೊಟ್ಟಿಲ ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, "ದೊಡ್ಡಮ್ಮಾ, ಸರಿಹೋಯ್ತು! ದೊಡ್ಡಮ್ಮಾ!" ಎಂದು ಕೂಗುತ್ತ ಒಳಗೆ ಓಡಿದ.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಕೆಳಗಿಟ್ಟಿದ್ದ ವಿಭೂತಿ ಗಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡರು.

ಗುರುಮಲ್ಲ ಕಾದ. ಕತೆ ಮುಂದೆ ಹೋಗಲಿಲ್ಲ. ಹೊರಗೆ ಹಾರನ್ನು ಇನ್ನೊಮ್ಮೆ ಕೂಗಿ ಸುಮ್ಮನಾಯಿತು. ಅವನಿಗೆ ತಡೆಯಲಾಗಲಿಲ್ಲ.

"ಮೂರೂ ಒಂದೇ ಅಂಕಿ ತೋರಿಸಿದವಲ್ಲ ಬುದ್ಧಿ, ಆಗಲಾದರೂ ಅಳತೆ ನಿಜಕ್ಕೂ ಸರಿಯಾಗಿತ್ತೇ? ಅಥವಾ ಮೂರೂ ಸೇರಿ ತಪ್ಪು ತೋರಿಸಿದವೇ?"

ಸ್ವಾಮಿಗಳು ಅವನ ಮುಖವನ್ನೇ ನೋಡಿದರು.

"ದೊಡ್ಡಮ್ಮ ಉಂಡಳೇ ಎಂದು ನೀನೂ ಕೇಳಲಿಲ್ಲವಲ್ಲಪ್ಪಾ, ಗುರುಮಲ್ಲ."